ಕೊಪ್ಪರಿಗೆಯಲ್ಲಿ ಮೊಳಗಿದ ಫೋನು

ನಿನ್ನೆ ಒಂದು ಮಾತು ಹೇಳಿ ಪ್ರವಚನ ಮುಗಿಸಿದ್ದೆ, ನೆನಪಿದೆಯೇ? ವಸ್ತುವನ್ನು ಯಾತಕ್ಕೆ ತಂದೆವು ಎನ್ನುವುದನ್ನು ಮರೆತ ದಿನ ನಾವೇ ಆ ವಸ್ತುವಿನ ಆಳಾಗುತ್ತೇವೆ ಎಂದಿದ್ದೆ. ಎಲ್ಲರೂ ತಲೆದೂಗಿದಿರಿ. ಆದರೆ ಶರಣರೇ, ತಲೆದೂಗುವುದಕ್ಕೂ ತೂಕಡಿಸುವುದಕ್ಕೂ ಇರುವ ವ್ಯತ್ಯಾಸ ಮೇಲೆ ಕೂತವನಿಗೆ ಚೆನ್ನಾಗಿ ಕಾಣುತ್ತದೆ. ಅದಕ್ಕೆ ಇವತ್ತು ಬರಿಯ ಮಾತು ಬೇಡ, ಒಂದು ದೃಷ್ಟಾಂತ ಕೇಳಿ.

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ಆ ಹೆಸರಿನವರು ಇಲ್ಲೇ ನಾಲ್ಕು ಜನ ಸಿಗುತ್ತಾರೆ, ನಾಲ್ವರೂ ನಾಳೆಯಿಂದ ಮಠಕ್ಕೆ ಬರುವುದಿಲ್ಲ. ಅವನದು ತಾಮ್ರ, ಹಿತ್ತಾಳೆ ಪಾತ್ರೆಗಳ ದೊಡ್ಡ ಅಂಗಡಿ. ಕೈಗೆ ಪಾತ್ರೆ ಬಂದರೆ ಮೊದಲು ಅಂಗೈಯಲ್ಲಿ ತೂಗಿ ನೋಡುವನು, ಆಮೇಲೆ ಬೆರಳಿನ ಗೆಣ್ಣಿನಿಂದ ಮೂರು ಸಲ ಬಡಿದು ಕಿವಿ ಕೊಡುವನು. ನಾದ ಕೇಳಿಯೇ ಇದು ಗಟ್ಟಿ, ಇದು ತೆಳುವು, ಇದು ಬೆಸುಗೆ ಹಾಕಿದ್ದು ಎಂದು ಹೇಳಿಬಿಡುವನು. ಸುತ್ತ ಹತ್ತು ಹಳ್ಳಿಯಲ್ಲಿ ಅವನು ಬಡಿಯದ ಕೊಡ ಯಾವ ಮದುಮಗಳ ಜೊತೆಗೂ ಹೋಗಿರಲಿಲ್ಲ.

ವಿದ್ಯೆ ಒಳ್ಳೆಯದೇ. ಆದರೆ ನೋಡಿ, ಅದು ಅಂಗಡಿಯಲ್ಲಿ ನಿಲ್ಲಲಿಲ್ಲ. ಕಲ್ಲಂಗಡಿ ಬಡಿದ, ಸರಿ, ಎಲ್ಲರೂ ಬಡಿಯುತ್ತಾರೆ. ಬೀಗರ ಮನೆಯ ಬಾಗಿಲು ಬಡಿದು, "ಬೇವಿನ ಕಟಗಿ ಇದು, ಸಾಗವಾನಿ ಅಂತ ಹೇಳಿ ಕೊಟ್ಟಾನ ನಿಮಗ" ಎಂದ. ಡಾಕ್ಟರರು ಇವನ ಎದೆ ಬಡಿದು ನೋಡುತ್ತಿದ್ದರೆ ಇವನು ಡಾಕ್ಟರರ ಮೇಜು ಬಡಿದು ನೋಡುತ್ತಿದ್ದ. ಹೆಂಡತಿ ರೊಟ್ಟಿ ಬಡಿಸಿದರೆ ಅದನ್ನೂ ಕಿವಿಯ ಹತ್ತಿರ ಹಿಡಿದು ತಟ್ಟಿ, "ನಡುವ ಇನ್ನೊಂದೀಟು ಬೇಯಬೇಕಿತ್ತು" ಎನ್ನುವನು. ಆ ತಾಯಿ ಮೂವತ್ತು ವರ್ಷ ಅದನ್ನು ಕೇಳಿದಳು. ಅಂಥವರಿಗೆ ನಾವು ಮಠದಲ್ಲಿ ಶಾಲು ಹೊದಿಸುವುದಿಲ್ಲ, ಅದು ನಮ್ಮ ತಪ್ಪು.

ಈ ಸಾಹುಕಾರನಿಗೆ ಒಬ್ಬಳು ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಒಂಬತ್ತು ವರ್ಷದ ಹಿಂದೆ ಅವಳ ಮಗಳ ಲಗ್ನವಾಯಿತು. ಗಂಡಿನ ಕಡೆಯವರು ಚಪ್ಪರದಲ್ಲಿ ಸಾಲಾಗಿ ಕೊಡಗಳನ್ನು ಇಟ್ಟಿದ್ದರು. ಸೋದರಮಾವ ಎಂದ ಮೇಲೆ ಮದುಮಗಳ ಪಕ್ಕ ನಿಲ್ಲಬೇಕಲ್ಲವೇ? ಇವನು ಕೊಡಗಳ ಪಕ್ಕ ನಿಂತ. ಒಂದನ್ನು ಬಡಿದ, ಎರಡನ್ನು ಬಡಿದ, ಮೂರನೆಯದನ್ನು ಬಡಿದು ಇಡೀ ಚಪ್ಪರಕ್ಕೆ ಕೇಳುವ ಹಾಗೆ, "ಇದರಾಗ ಸತುವು ಭಾಳ ಬೆರಸ್ಯಾರ" ಎಂದುಬಿಟ್ಟ. ವಾಲಗದವರೂ ನಿಲ್ಲಿಸಿದರು. ಗಂಡಿನ ತಂದೆ ಎದ್ದು ಹೊರಟೇಬಿಟ್ಟ. ಅಕ್ಕ ಅವನ ಕಾಲಿಗೆ ಬಿದ್ದು ಲಗ್ನ ಉಳಿಸಿಕೊಂಡಳು. ಸಂಜೆ ತಮ್ಮನನ್ನು ಕರೆದು ಒಂದೇ ಮಾತು ಹೇಳಿದಳು: "ನಿನ್ನ ಮನಿ ಹೊಸ್ತಿಲಾ ಇನ್ನ ನಾ ತುಳಿಯೂದಿಲ್ಲೋ."

ತುಳಿಯಲಿಲ್ಲ. ಒಂಬತ್ತು ಪಂಚಮಿ ಬಂದು ಹೋದವು. ನಮ್ಮ ಕಡೆ ಪಂಚಮಿ ಎಂದರೆ ಅಕ್ಕತಂಗಿಯರು ತವರಿಗೆ ಬರುವ ಹಬ್ಬ, ನಿಮಗೆ ನಾನು ಹೇಳಬೇಕೇ? ಊರ ಹೆಣ್ಣುಮಕ್ಕಳೆಲ್ಲ ಜೋಕಾಲಿ ಆಡುವಾಗ ಸಾಹುಕಾರ ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಒಳಗೆ ಕೂತಿರುತ್ತಿದ್ದ. ಅವನಿಗೆ ಅಕ್ಕ ಬೇಕಾಗಿದ್ದಳು. ಕೇಳುವ ಬಾಯಿ ಮಾತ್ರ ಇರಲಿಲ್ಲ.

ಈ ವರ್ಷ ಅಕ್ಕನ ಗಂಡ, ಪಾಪದ ಮನುಷ್ಯ, ಚರಿಗೆ ಕೊಳ್ಳುವ ನೆವ ಮಾಡಿಕೊಂಡು ಅಂಗಡಿಗೆ ಬಂದ. "ನಿಮ್ಮ ಅಕ್ಕನ ಮನಸು ಕರಗೇತೇಳು. ಸೋಮವಾರ ನಾಲ್ಕಕ್ಕ ತಾನ ಫೋನ್ ಮಾಡ್ತೀನಿ ಅಂದಾಳ. ಅವ ಎತ್ತಿ ಬಾ ಅಕ್ಕಾ ಅಂದ್ರ ಪಂಚಮಿಗೆ ಬರ್ತೀನಿ, ಎತ್ತಲಿಲ್ಲಂದ್ರ ಇದ ಕಡೀದು ಅಂದಾಳ. ಆಕಿ ಹಟ ನಿನಗ ಗೊತ್ತೈತೆಲ್ಲ" ಎಂದ.

ಸಾಹುಕಾರನ ಕಣ್ಣಲ್ಲಿ ನೀರು ಬಂತು. ಆಮೇಲೆ ಭಯವೂ ಬಂತು. ಯಾಕೆಂದರೆ ಅವನ ಫೋನು ರಬ್ಬರ್ ಬ್ಯಾಂಡ್ ಸುತ್ತಿದ ಹಳೆಯ ಡಬ್ಬಿ, ಹಸಿರು ಗುಂಡಿ ಒತ್ತಿದರೆ ಒಮ್ಮೆ ಮಾತು ಬರುತ್ತಿತ್ತು, ಒಮ್ಮೆ ಬ್ಯಾಟರಿಯೇ ಹೊರಗೆ ಬರುತ್ತಿತ್ತು. ಅಕ್ಕನ ಕರೆ ಇದರಲ್ಲಿ ಕಟ್ಟಾದರೆ ಗತಿ ಏನು? ಅವತ್ತೇ ಪೇಟೆಗೆ ಹೋದ, ಹೊಸ ಸ್ಮಾರ್ಟ್‌ಫೋನ್ ತಂದ. ಯಾತಕ್ಕೆ ತಂದ? ಅಕ್ಕನ ಒಂದು ಕರೆ ಎತ್ತುವುದಕ್ಕೆ. ಇದನ್ನು ನೀವು ನೆನಪಿಟ್ಟುಕೊಳ್ಳಿ, ಅವನಂತೂ ಇಟ್ಟುಕೊಳ್ಳಲಿಲ್ಲ.

ಫೋನಿನ ಅಂಗಡಿಯಲ್ಲೇ ಚಾಳಿ ಶುರುವಾಯಿತು. ಫೋನನ್ನು ಅಂಗೈಯಲ್ಲಿ ತೂಗಿದ, ಗೆಣ್ಣಿನಿಂದ ಮೂರು ಸಲ ಬಡಿದ. ಫೋನಿನವನ ಎದೆ ಒಡೆಯಿತು. "ನಾದ ಇಲ್ಲಲ್ಲೋ ಇದಕ್ಕ" ಎಂದ ಸಾಹುಕಾರ. "ಸಾಹುಕಾರ್ರ, ಇದು ಕೊಡ ಅಲ್ರಿ. ಬಾಡಿ ಭಾಳ ಗಟ್ಟಿ ಐತಿ, ನೀರಾಗ ಬಿದ್ರೂ ಏನೂ ಆಗೂದಿಲ್ಲ" ಎಂದು ಅವನು ಬಾಯಿತಪ್ಪಿ ಹೇಳಿದ. ನೀರಿನ ಮಾತು ಸಾಹುಕಾರನ ಕಿವಿಯಲ್ಲಿ ಕೂತುಬಿಟ್ಟಿತು.

ಅದೇ ನಮೂನೆಯ ಫೋನು ಊರಲ್ಲಿ ಇನ್ನೂ ನಾಲ್ಕು ಜನರ ಹತ್ತಿರ ಇತ್ತು. ಒಬ್ಬೊಬ್ಬರ ಮನೆಗೂ ಹೋಗಿ ಅಭಿಪ್ರಾಯ ಕೇಳಿದ. ಮಾಸ್ತರರು, "ಚಾರ್ಜ್ ಮೂರು ದಿನ ಬರ್ತೈತ್ರಿ" ಎಂದರು. ಬರದೆ ಏನು ಮಾಡುತ್ತದೆ, ಅವರಿಗೆ ಯಾರೂ ಫೋನೇ ಮಾಡುವುದಿಲ್ಲ. ಹಿಟ್ಟಿನ ಗಿರಣಿಯವನು, "ದನಿ ಸಣ್ಣದು, ಒಂದಕ್ಷರ ಕೇಳೂದಿಲ್ಲ" ಎಂದು ಗಿರಣಿಯ ಪಕ್ಕದಲ್ಲೇ ನಿಂತು ಕೂಗಿ ಹೇಳಿದ. ಖಾನಾವಳಿಯವನು ಕ್ಯಾಮೆರಾ ಚಲೋ ಎಂದ, ಫೋಟೋದಲ್ಲಿ ಅವನ ಮಿರ್ಚಿ ಭಜಿ ತಟ್ಟೆಯಲ್ಲಿ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತಂತೆ. ಗರಡಿಮನೆಯ ಪೈಲ್ವಾನ, "ಎರಡು ಸಲ ಅದರ ಮ್ಯಾಲ ಕುಂತೀನಿ, ಮುಕ್ಕಾಗಿಲ್ಲ" ಎಂದ. ನೋಡಿ, ಎಲ್ಲರೂ ಫೋನಿನ ಗುಣ ಹೇಳಿದೆವು ಎಂದುಕೊಂಡರು. ಹೇಳಿದ್ದು ಯಾರ ಗುಣ? ತಮ್ಮದೇ.

ಸಾಹುಕಾರನಿಗೆ ಸಮಾಧಾನವಾಗಲಿಲ್ಲ. ಸೋಮವಾರ ಬಂತು. ಮಧ್ಯಾಹ್ನ ಊಟ ಮಾಡಿ ಫೋನನ್ನು ಮುಂದಿಟ್ಟುಕೊಂಡು ಕೂತ. ನಾಲ್ಕಕ್ಕೆ ಕರೆ ಬರುತ್ತದೆ. ಅಷ್ಟರೊಳಗೆ ಇದು ನಂಬಬಹುದಾದ ವಸ್ತುವೋ ಅಲ್ಲವೋ ತಿಳಿಯಬೇಡವೇ? ಅವನ ಕಸುಬಿನಲ್ಲಿ ಒಂದು ರೀತಿ ಇದೆ. ಪಾತ್ರೆ ಸೋರುತ್ತದೆಯೇ ಎಂದು ನೋಡಲು ನೀರು ತುಂಬಿಸಿ ಅರ್ಧ ಗಂಟೆ ಬಿಡುತ್ತಾರೆ. ಅಷ್ಟು ಹೊತ್ತು ಯಾರೂ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಪರೀಕ್ಷೆ ಮೊದಲಿನಿಂದ. ಆದರೆ ಫೋನಿಗೆ ನೀರು ತುಂಬಲು ಬಾಯಿಯೇ ಇಲ್ಲವಲ್ಲ. ಸಾಹುಕಾರ ಯೋಚಿಸಿದ. ಫೋನಿನೊಳಗೆ ನೀರು ಹೋಗದಿದ್ದರೆ ನೀರಿನೊಳಗೆ ಫೋನು ಹೋಗಲಿ.

ತಾಮ್ರದ ಕೊಪ್ಪರಿಗೆಯಲ್ಲಿ ಗೇಣು ನೀರು ಹಾಕಿ ಫೋನನ್ನು ಮಲಗಿಸಿದ. ಆಗ ಮೂರೂಕಾಲು. ಮೂರೂಮುಕ್ಕಾಲಿಗೆ ತೆಗೆದರೆ ಒರೆಸಿಕೊಂಡು ಕೂರಲು ಹದಿನೈದು ನಿಮಿಷ ಉಳಿಯುತ್ತದೆ, ಲೆಕ್ಕ ಸರಿಯಾಗಿಯೇ ಇತ್ತು. ಸುದ್ದಿ ತಿಳಿದು ನಾಲ್ಕು ಫೋನಿನ ಯಜಮಾನರೂ ನೋಡಲು ಬಂದರು. ಇನ್ನೇನು ಮುಕ್ಕಾಲು ಆಗಬೇಕು, ಪೈಲ್ವಾನ ಬಗ್ಗಿ, "ಜೀವಂತ ಐತೇನ ಇದು?" ಎಂದು ಬೆರಳಲ್ಲಿ ಚುಚ್ಚಿಬಿಟ್ಟ.

"ಮುಟ್ಟಿದಿ? ಮುಟ್ಟಿದೇನು?" ಎಂದ ಸಾಹುಕಾರ. "ಮತ್ತ ಅರ್ಧ ತಾಸು."

ರೀತಿ ಎಂದರೆ ರೀತಿ. ಮೂವತ್ತು ವರ್ಷದ ಕಸುಬು. ಪರೀಕ್ಷೆ ಮೊದಲಿನಿಂದ ಶುರುವಾಯಿತು.

ಸರಿಯಾಗಿ ನಾಲ್ಕಕ್ಕೆ ಫೋನು ಬಾರಿಸಿತು. ನೀರಿನೊಳಗೆ ಅದು ನಡುಗಿದರೆ ಕೊಪ್ಪರಿಗೆಯೂ ನಡುಗಬೇಕಲ್ಲ. ಗುಂಯ್ ಎಂದು ಇಡೀ ಕೊಪ್ಪರಿಗೆ ಗುಡಿಯ ಗಂಟೆಯ ಹಾಗೆ ಮೊಳಗಿತು. ಸಾಹುಕಾರನ ಮುಖ ಅರಳಿತು.

"ನಾದ ಬಂತು" ಎಂದ. "ಕೇಳ್ರಿ, ನಾದ ಕೇಳ್ರಿ. ನೀರಾಗೂ ಬಾರಸಾಕತ್ತೈತಿ."

ಮಾಸ್ತರರು ಕನ್ನಡಕ ಏರಿಸಿದರು. ಗಿರಣಿಯವನಿಗೂ ಕೇಳಿಸಿತು. ಫೋನು ಒಮ್ಮೆ ನಿಂತಿತು, ಮತ್ತೆ ಬಾರಿಸಿತು. ಪೈಲ್ವಾನ ಚಪ್ಪಾಳೆ ತಟ್ಟಿದ. ಖಾನಾವಳಿಯವನು ತನ್ನ ಫೋನಿನಲ್ಲಿ ಅದರ ಫೋಟೋ ತೆಗೆದ. ನೀರು ತುಳುಕುತ್ತಿತ್ತು, ಪರದೆಯ ಮೇಲೆ ಬೆಳಕು ಕಾಣುತ್ತಿತ್ತು, ಹೆಸರು ಕಾಣುತ್ತಿರಲಿಲ್ಲ. ಕಾಣಬೇಕೆಂದು ಯಾರಿಗೂ ಅನಿಸಲೂ ಇಲ್ಲ. ಐದು ಜನ ಗಂಡಸರು, ಐದೂ ಜನ ಫೋನು ಇರುವವರು, ಫೋನು ಬಾರಿಸುವುದನ್ನು ನೋಡುತ್ತ ನಿಂತರು. ಮೂರನೆಯ ಸಲವೂ ಬಾರಿಸಿತು.

ಒಳಗಿನಿಂದ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವಳೊಬ್ಬಳೇ ಕೇಳಿದಳು: "ಯಾರದ್ರೀ ಫೋನು?"

"ಯಾರದರ ಇರಲಿ ಬಿಡು, ನಾದ ಕೇಳು."

ಅವಳು ಗೋಡೆಯ ಗಡಿಯಾರ ನೋಡಿದಳು. "ನಾಲ್ಕಾಗೇತ್ರಿ."

ಕೊಪ್ಪರಿಗೆ ಸುಮ್ಮನಾಯಿತು. ಸಾಹುಕಾರ ಎರಡೂ ಕೈ ಮೊಣಕೈವರೆಗೆ ನೀರಿಗೆ ಹಾಕಿದ. ತೆಗೆದು ನೋಡಿದರೆ ಫೋನಿಗೆ ಏನೂ ಆಗಿರಲಿಲ್ಲ. ಥಳಥಳ ಹೊಳೆಯುತ್ತಿತ್ತು. ಅಕ್ಕ, ಅಕ್ಕ, ಅಕ್ಕ ಎಂದು ಮೂರು ಸಲ ತೋರಿಸುತ್ತಿತ್ತು. ಪರೀಕ್ಷೆಯಲ್ಲಿ ಫೋನು ಪಾಸಾಯಿತು ಶರಣರೇ. ಯಾರು ಫೇಲಾದರು?

ತಿರುಗಿ ಮಾಡಿದ. ಅಕ್ಕನ ಫೋನು ಬಂದ್ ಆಗಿತ್ತು. ಮತ್ತೆ ಮಾಡಿದ, ಬಂದ್. ಸಾಹುಕಾರ ಕೊಪ್ಪರಿಗೆಯ ಪಕ್ಕದಲ್ಲೇ ನೆಲದ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತ. ಐವತ್ತೆಂಟು ವರ್ಷದ ಮನುಷ್ಯ. ನೋಡಲು ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು. ಹೆಂಡತಿ ಅವನ ಕೈಗೆ ಟವೆಲು ಕೊಟ್ಟು, "ಐದರ ಬಸ್ಸು ಐತಿ, ಏಳ್ರಿ. ಫೋನು ಕೆಟ್ಟಿತ್ತು ಅಂತ ಹೇಳ್ರಿ, ಅಕ್ಕಾರು ನಂಬತಾರ" ಎಂದಳು.

ಹೋದ. ಅಕ್ಕ ಕಟ್ಟೆಯ ಮೇಲೆ ಕೂತು ಮೆಂತ್ಯೆಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

"ಮೂರು ಸಲ ಮಾಡಿದ್ನೋ ತಮ್ಮಾ" ಎಂದಳು.

"ಹೌದಕ್ಕಾ."

"ಎಲ್ಲಿದ್ದಿ?"

"ಅಲ್ಲೇ ಇದ್ದೆ."

"ಫೋನು ಕೆಟ್ಟಿತ್ತೇನು?"

ಉತ್ತರ ಅಕ್ಕನೇ ಕೊಟ್ಟಳಲ್ಲ. ಹ್ಞೂಂ ಎಂದಿದ್ದರೆ ಮುಗಿದಿತ್ತು. ಅವನು ಬಸ್ಸು ಹತ್ತುವವರೆಗೂ ಹೆಂಡತಿ ಹೇಳಿಕೊಟ್ಟಿದ್ದಳು. ಆದರೆ ಎತ್ತಿ ಬೆಳೆಸಿದವಳ ಮುಂದೆ ಅವನಿಗೆ ಸುಳ್ಳು ಬರಲಿಲ್ಲ.

"ಇಲ್ಲಕ್ಕಾ. ಫೋನು ಚಲೋ ಇತ್ತು. ಕೊಪ್ಪರಿಗ್ಯಾಗ ಇತ್ತು" ಎಂದ. ಎಲ್ಲ ಹೇಳಿದ. ನೀರು, ಪೈಲ್ವಾನನ ಬೆರಳು, ನಾದ, ಚಪ್ಪಾಳೆ, ಒಂದೂ ಬಿಡಲಿಲ್ಲ. ಕೊನೆಗೆ, "ಅವತ್ತೂ ನಾ ಇದನ್ನ ಮಾಡಿದ್ದು. ಚಪ್ಪರದಾಗ ನಿನ್ನ ಮಗಳ ಮಾರಿ ನೋಡಲಿಲ್ಲ, ಕೊಡ ನೋಡಿದೆ. ಇವತ್ತ ನೀ ಕರಿಯಾಕತ್ತಿದ್ದಿ, ನಾ ಡಬ್ಬಿ ನೋಡಕೋತ ನಿಂತಿದ್ದೆ" ಎಂದ.

ಅಕ್ಕ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಚಹಾ ತಂದು ಮುಂದಿಟ್ಟಳು. ಅವನು ಒಂದು ಗುಟುಕು ಕುಡಿದ. ಸಕ್ಕರೆ ಇಲ್ಲ. ಬರಿಯ ಸಕ್ಕರೆ ಇಲ್ಲದಿದ್ದರೆ ಹೋಗಲಿ, ಅದರಲ್ಲಿ ಉಪ್ಪಿತ್ತು. ಚಿಟಿಕೆ ಉಪ್ಪಲ್ಲ, ಒಂದು ಹಿಡಿ. ಅಕ್ಕ ಬಾಗಿಲಿಗೆ ಒರಗಿ ಅವನ ಮುಖವನ್ನೇ ನೋಡುತ್ತಿದ್ದಳು. ಪರೀಕ್ಷೆ ಮಾಡುವ ರಕ್ತ ತಮ್ಮನಿಗೆ ಮಾತ್ರ ಬಂದಿರುತ್ತದೆಯೇ?

"ಚಹಾ ಹೆಂಗಾಗೇತಿ?" ಎಂದಳು.

ಸಾಹುಕಾರ ಕಪ್ಪಿನಲ್ಲಿ ಉಳಿದದ್ದನ್ನೂ ಕುಡಿದ. ಜೀವಮಾನದಲ್ಲಿ ಮೊದಲ ಸಲ ಅವನ ಹತ್ತಿರ ಅಭಿಪ್ರಾಯ ಇರಲಿಲ್ಲ. "ಇನ್ನೊಂದು ಕಪ್ಪು ಕೊಡಕ್ಕಾ" ಎಂದ.

ಅಕ್ಕ ಕಪ್ಪನ್ನು ಕಿತ್ತುಕೊಂಡಳು. "ಹುಚ್ಚಪ್ಪಾ, ಉಪ್ಪಿನ ಚಹಾ ಕುಡದೇನೋ" ಎಂದು ನಕ್ಕಳು, ನಗುತ್ತ ನಗುತ್ತ ಅತ್ತಳು. ಪಂಚಮಿಗೆ ಅವಳು ತವರಿಗೆ ಬಂದಳು. ನಾಲ್ಕು ದಿನ ಇರಬೇಕೆಂದು ಬಂದವಳು ಹದಿನೈದು ದಿನ ಇದ್ದಳು.

ಈಗ ನೀವು ನಗುತ್ತಿದ್ದೀರಿ. ಸಾಹುಕಾರ ಎಂಥ ದಡ್ಡ ಎಂದು ಪಕ್ಕದವರ ಕಡೆ ನೋಡುತ್ತಿದ್ದೀರಿ. ನಾನು ಕೇಳುತ್ತೇನೆ, ನಿಮ್ಮ ಮನೆಯಲ್ಲಿ ಕೊಪ್ಪರಿಗೆ ಇಲ್ಲವೇ? ಸೊಸೆ ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ ರೊಟ್ಟಿ ಮುರಿದು, ದಪ್ಪ ಆಯಿತು ಎಂದಿರಿ. ಅವಳ ಕೈ ಸುಟ್ಟದ್ದು ನೋಡಿದಿರೇ? ಗೆಳೆಯ ಹೊಸ ಮನೆ ತೋರಿಸಲು ಕರೆದ, ಗೋಡೆಗೆ ಬಣ್ಣ ಸರಿಯಿಲ್ಲ ಎಂದು ಬಂದಿರಿ. ಅವನು ಬಾಗಿಲಲ್ಲಿ ನಿಂತು ನಿಮ್ಮನ್ನೇ ಕಾಯುತ್ತಿದ್ದದ್ದು ಕಂಡಿತೇ? ನಿನ್ನೆ ಇದೇ ಮಠದಲ್ಲಿ ಹುಗ್ಗಿಗೆ ಬೆಲ್ಲ ಕಡಿಮೆ ಎಂದವರು ಹನ್ನೊಂದು ಜನ. ನನ್ನ ಪ್ರವಚನ ಉದ್ದವಾಯಿತು ಎಂದವರು ಅದಕ್ಕಿಂತ ಹೆಚ್ಚು, ಅದು ನಿಜ, ಅದನ್ನು ಬಿಡಿ. ಎಲ್ಲದಕ್ಕೂ ನಮ್ಮ ಹತ್ತಿರ ಅಭಿಪ್ರಾಯ ಇದೆ. ಎದುರಿಗೆ ಇರುವ ಮನುಷ್ಯರಿಗೆ ಕೊಡಲು ಅದೊಂದೇ ಇದೆ.

ಅದಕ್ಕೆ ಇವತ್ತು ಮನೆಗೆ ಹೋದ ಮೇಲೆ ತಟ್ಟೆ ಮುಂದೆ ಬಂದಾಗ ರುಚಿ ಹೇಳುವ ಮೊದಲು, ನೀ ಉಂಡೇನು ಎಂದು ಬಡಿಸಿದವರನ್ನು ಕೇಳಿ. ಒಂದು ವಾರ ಮಾಡಿ ನೋಡಿ. ಮೊದಲ ದಿನ ಅವರಿಗೆ ನಿಮಗೆ ಜ್ವರ ಬಂದಿದೆಯೇ ಎಂದು ಅನುಮಾನ ಬರುತ್ತದೆ, ಹೆದರಬೇಡಿ. ಮಗ ಹೊಸ ಫೋನು ತಂದು ತೋರಿಸಿದರೆ ಎಷ್ಟು ಗಟ್ಟಿ, ಎಷ್ಟು ವೇಗ ಎಂದು ಆಮೇಲೆ ಕೇಳಿ. ಇದರಿಂದ ಮೊದಲು ಯಾರ ಜೊತೆ ಮಾತಾಡಿದೆ ಎಂದು ಕೇಳಿ.

ಇನ್ನೂ ಒಂದು ಇದೆ, ಅದನ್ನು ನಾಳೆಗೆ ಬಿಡುವುದಿಲ್ಲ. ಇಲ್ಲಿ ಕೂತ ಪ್ರತಿಯೊಬ್ಬರ ಕಿಸೆಯಲ್ಲೂ ಫೋನು ಇದೆ, ಅದರೊಳಗೆ ಮಾತು ಬಿಟ್ಟ ಒಂದು ಹೆಸರೂ ಇದೆ. ಯಾವ ಹೆಸರು ಎಂದು ನಾನು ಹೇಳಬೇಕಾಗಿಲ್ಲ, ನಿಮ್ಮ ಮುಖ ಈಗಲೇ ಸಣ್ಣದಾಗಿದೆ. ಹೊರಗೆ ಬೇವಿನ ಮರದ ಕೆಳಗೆ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಹೋಗಿ, ಮಾಡಿ, ಹೇಗಿದ್ದೀ ಎಂದು ಕೇಳಿ ಬನ್ನಿ. ಮಾಡಿ ಬಂದವರಿಗೆ ಮಾತ್ರ ಪ್ರಸಾದ ಬಡಿಸಬೇಕು ಎಂದು ಅಡುಗೆಯವರಿಗೆ ಹೇಳಿಯಾಗಿದೆ. ಏಳಿ ಶರಣರೇ, ಹುಗ್ಗಿ ಆರುತ್ತಿದೆ.