ಸೇತುವೆಯ ಮೇಲೆ ಮೂರು ಕರೆ

ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನಮ್ಮ ಪಕ್ಕದ ಮನೆಯ ಗುಮ್ರೆಗೆ ಆದದ್ದು. ಅವಳೇ ನನ್ನ ಅಡುಗೆಮನೆಯಲ್ಲಿ ಕೂತು, ಬಾಗಿಲು ಹಾಕಿಸಿ ಹೇಳಿದ್ದು.

ನಮ್ಮ ದೇಜಾನ್ ಊರಿನ ಎಕ್ಸ್‌ಪೋ ಸೇತುವೆ... ತೊಂಬತ್ತಮೂರರ ವಿಶ್ವಮೇಳಕ್ಕೆ ಕಟ್ಟಿದ್ದು. ಕೆಂಪು ಕಮಾನೊಂದು, ನೀಲಿ ಕಮಾನೊಂದು, ಕೆಳಗೆ ನಡೆಯುವವರಿಗಷ್ಟೇ ದಾರಿ. ಮೇಳದ ವರ್ಷ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸುರಿ ಗುಮ್ರೆ ಗಂಡನ ಕೈ ಹಿಡಿದು ಆ ಜನಜಾತ್ರೆಯಲ್ಲೇ ದಾಟಿದ್ದಳು. ಈಗ ಹಗಲಲ್ಲಿ ಸೈಕಲ್ಲು, ಸಂಜೆ ಪ್ರೇಮಿಗಳು. ದೀಪ ಆರಿದ ಮೇಲೆ ನರಪಿಳ್ಳೆಯೂ ಇರುವುದಿಲ್ಲ. ಅಷ್ಟು ದೊಡ್ಡ ಸೇತುವೆ ಖಾಲಿ ಬಿದ್ದಿದ್ದರೆ ಹೇಗಿರುತ್ತೆ, ನೀವೇ ಯೋಚಿಸಿ.

ಹೊಳೆಯ ಈಚೆ ಒಂದು ಕಲ್ಗುಕ್ಸು ಅಂಗಡಿ. ಅಲ್ಲಿ ಹಿಟ್ಟು ಲಟ್ಟಿಸಿ, ಎಳೆ ಎಳೆಯಾಗಿ ಕತ್ತರಿಸಿ, ಸಾರಿಗೆ ಬಿಡುವ ಕೆಲಸ ಗುಮ್ರೆಯದು. ಜೊತೆಗೆ ಅವಳಿಗಿಂತ ಮೂರು ವರ್ಷ ಚಿಕ್ಕವಳಾದ ಇನ್ನೊಬ್ಬಳು. ಮಕ್ಕಳಾದ ಮೇಲೆ ನಮ್ಮಲ್ಲಿ ಹೆಂಗಸಿನ ಹೆಸರು ಹಿಡಿದು ಯಾರು ಕರೆಯುತ್ತಾರೆ? ಗುಮ್ರೆಯ ಮಗ ಜೇಹುನ್, ಹಾಗಾಗಿ ಅವಳು ಜೇಹುನ್ ಅಮ್ಮ. ಆ ಇನ್ನೊಬ್ಬಳೂ ಜೇಹುನ್ ಅಮ್ಮನೇ. ಒಬ್ಬಳನ್ನು ಕರೆದರೆ ಇಬ್ಬರೂ ಓಡಿ ಬರುತ್ತಿದ್ದರು. ಅಂಗಡಿಯ ಅಜ್ಜಿಗೆ ಕಿವಿ ಮಂದ, ಬಾಯಿ ಮಾತ್ರ ಚುರುಕು. ದೊಡ್ಡ ಜೇಹುನ್ ಅಮ್ಮ, ಚಿಕ್ಕ ಜೇಹುನ್ ಅಮ್ಮ ಅಂತ ಅವಳೇ ಪಾಲು ಮಾಡಿಟ್ಟಳು. ಆರು ವರ್ಷ ಹೀಗೇ ನಡೆಯಿತು.

ಅದು ನವೆಂಬರ್. ಬೆಳಗ್ಗೆ ಗುಮ್ರೆ ಆಸ್ಪತ್ರೆಗೆ ಹೋಗಿ ಬಂದಿದ್ದಳು. ರಾತ್ರಿ ಅಂಗಡಿ ತೊಳೆದು ಇಬ್ಬರೂ ಸೇತುವೆ ಹತ್ತಿದಾಗ ಹನ್ನೊಂದು ದಾಟಿತ್ತು. ದೀಪ ಆರಿತ್ತು. ಕೆಳಗೆ ನೀರು ಕಂಬಕ್ಕೆ ತಾಗಿ ಲೊಚ್... ಲೊಚ್... ಮೇಲೆ ಚಳಿಗೆ ಕಮಾನಿನ ಕಬ್ಬಿಣ ಟಿಕ್... ಟಿಕ್...

"ಏನಂದ್ರಕ್ಕಾ ಡಾಕ್ಟ್ರು?"

"ಸ್ಕ್ಯಾನಲ್ಲಿ ಹೊಟ್ಟೇಲಿ ಕಲೆ ಕಂಡಿದೆಯಂತೆ. ಚಳಿಗಾಲ ದಾಟೋದು ಕಷ್ಟ ಅಂದ್ರು."

"ಅವರಿಗೇನು ಗೊತ್ತು."

"ಸಾಯೋಕೆ ಹೆದರಿಕೆ ಇಲ್ಲ ಕಣೆ. ಮಾರ್ಚಲ್ಲಿ ಹುಡುಗ ಸೈನ್ಯದಿಂದ ಬರ್ತಾನೆ. ಅವರಪ್ಪನೂ ಇಲ್ಲ. ಬಾಗಿಲು ತೆಗೆಯೋಕೆ ಒಬ್ಬರಾದ್ರೂ ಬೇಡ್ವಾ?"

ಚಿಕ್ಕವಳು ಅವಳ ಕೈ ಹಿಡಿದುಕೊಂಡಳು. "ನನ್ನೋನು ಬೆಳೆದುಬಿಟ್ಟ. ಕೆಲಸಕ್ಕೆ ಸೇರಿದ್ದೇ ತಡ, ನನಗೇ ಬುದ್ಧಿ ಹೇಳ್ತಾನೆ," ಎಂದು ನಗಿಸಲು ನೋಡಿದಳು. ಗುಮ್ರೆಗೆ ನಗು ಬರಲಿಲ್ಲ.

ಆಗ ಹಿಂದಿನಿಂದ...

"ಜೇಹುನ್ ಅಮ್ಮಾ..."

ಗಂಡಸಿನ ದನಿ. ಜೋರಿಲ್ಲ, ಸಿಟ್ಟಿಲ್ಲ. ಕಚೇರಿಯಲ್ಲಿ ಸರದಿ ಬಂದವರನ್ನು ಕರೆಯುವ ಹಾಗೆ. ಒಂದೊಂದು ಅಕ್ಷರವೂ ಬಿಡಿಬಿಡಿ.

ಇರುಳಲ್ಲಿ ಕರೆದರೆ ಓಗೊಡಬಾರದು ಅಂತ ನಮ್ಮ ಕಡೆ ಎಳೆ ಮಗುವಿಗೂ ಗೊತ್ತು. ಬರೀ ದೆವ್ವವಾದರೆ ಎರಡು ಸಲಕ್ಕೇ ಸುಮ್ಮನಾಗುತ್ತದೆ. ಮೂರು ಸಲ ಕರೆಯುವವನು ಕರಿ ಟೋಪಿಯ ಯಮದೂತ ಒಬ್ಬನೇ. ಅವನು ಬರಿಗೈಯಲ್ಲಿ ವಾಪಸು ಹೋಗುವುದಿಲ್ಲ.

"ಯಾರನ್ನೇ ಕರೀತಿರೋದು?" ಗುಮ್ರೆ ಪಿಸುಗುಟ್ಟಿದಳು.

"ಸುಮ್ನೆ ನಡೀರಿ."

"ಜೇಹುನ್ ಅಮ್ಮಾ..."

ಈ ಸಲ ಹತ್ತಿರ. ಆದರೆ ಹೆಜ್ಜೆಯ ಸಪ್ಪಳವಿಲ್ಲ. ಗುಮ್ರೆ ಚಿಕ್ಕವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಕಲೆ ಇರುವುದು ತನ್ನ ಹೊಟ್ಟೆಯಲ್ಲಿ, ಕರೆ ಬಂದಿರುವುದೂ ತನಗೇ. ಆದರೂ ಆ ಹೊತ್ತಿನಲ್ಲಿ ಅವಳು ಬೇಡಿಕೊಂಡದ್ದು ಒಂದೇ... ಇವಳಾಗಿರಲಿ, ನಾನಲ್ಲ. ಇದನ್ನು ನನಗೆ ಹೇಳುವಾಗ ಅವಳು ತಲೆ ಎತ್ತಲಿಲ್ಲ.

"ಜೇಹುನ್ ಅಮ್ಮಾ."

"ಹಾಂ, ಬಂದೆ," ಎಂದಳು ಚಿಕ್ಕವಳು. ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆಯೇ.

ಗುಮ್ರೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ನನ್ನನ್ನೇ ಕಣಕ್ಕಾ. ಏನಂತ ಕೇಳ್ಕೊಂಡು ಬರ್ತೀನಿ. ನೀವು ತಿರುಗಿ ನೋಡ್ದೆ ಹೋಗಿ."

ಗುಮ್ರೆ ಹೋದಳು. ಹಿಂದೆ ರಬ್ಬರ್ ಚಪ್ಪಲಿಯ ಸದ್ದು ಚಪ್... ಚಪ್... ಎಂದು ಸೇತುವೆಯ ನಡುವಿನವರೆಗೆ ಹೋಯಿತು. ಅಲ್ಲಿ ನಿಂತಿತು. ಮಾತೇನೂ ಕೇಳಿಸಲಿಲ್ಲ.

ಬೆಳಗ್ಗೆ ಅಜ್ಜಿಯ ಫೋನು ಬಂತು. ಚಿಕ್ಕವಳು ತಡವಾಗಿ ಮನೆಗೆ ಹೋಗಿ, ಮಗನಿಗೆ ಊಟ ಆಯ್ತಾ ಅಂತ ಕೇಳಿ, ಮಲಗಿದ್ದಳಂತೆ. ಮತ್ತೆ ಏಳಲಿಲ್ಲ.

ಶವ ಇಟ್ಟ ಭವನದಲ್ಲಿ ಏಳು ಕೋಣೆ, ಬಾಗಿಲ ಬಳಿಯ ಹಲಗೆಯಲ್ಲಿ ತೀರಿಹೋದ ಏಳು ಜನರ ಹೆಸರು. ಗುಮ್ರೆ ಅದರ ಮುಂದೆ ಪೆಚ್ಚಾಗಿ ನಿಂತಳು. ಆರು ವರ್ಷ ಒಂದೇ ಮಣೆಯ ಮೇಲೆ ಹಿಟ್ಟು ಲಟ್ಟಿಸಿದವಳ ಹೆಸರು ಅವಳಿಗೆ ಗೊತ್ತಿರಲಿಲ್ಲ. ಫೋಟೊ ನೋಡಿ ಹುಡುಕಬೇಕಾಯಿತು. ಹೆಸರು ನಾ ಇನ್ಸಿಮ್. ಹಾಗಂತ ಬರೆದಿತ್ತು.

ಮಗನನ್ನು ನೋಡಿದ್ದೂ ಅದೇ ಮೊದಲು. ಕರಿ ಕೋಟಿನ ಹುಡುಗ ಬಗ್ಗಿ ನಮಸ್ಕರಿಸಿದ. ಗುಮ್ರೆ ಅವನ ತೋಳು ಹಿಡಿದು ಅತ್ತಳು. "ಜೇಹುನ್... ನನ್ನನ್ನ ಕ್ಷಮಿಸಿಬಿಡಪ್ಪಾ."

"ಅಂಗಡಿಯ ದೊಡ್ಡಮ್ಮ ಅಲ್ವಾ ನೀವು? ನಾನು ಜೇಹುನ್ ಅಲ್ಲ, ಜೇಯುನ್."

ಗುಮ್ರೆಯ ಅಳು ನಿಂತಿತು.

"ಅಜ್ಜಿ ಮೊದಲನೇ ದಿನಾನೇ ತಪ್ಪಾಗಿ ಕೇಳಿಸ್ಕೊಂಡ್ರಂತೆ. ಅಷ್ಟು ದೊಡ್ಡವರನ್ನ ಹೇಗೆ ತಿದ್ದೋದು ಅಂತ ಅಮ್ಮ ಸುಮ್ಮನಾದ್ಲು. ಮನೇಲಿ ಹೇಳ್ಕೊಂಡು ನಗ್ತಿದ್ಲು. 'ಅಲ್ಲಿ ಜೇಹುನ್ ಅಮ್ಮ ಇರೋದು ಒಬ್ಬರೇ ಕಣೋ, ನಾನು ಸುಮ್ನೆ ಓಗೊಡ್ತೀನಿ' ಅಂತ."

ಮಾರ್ಚಿನಲ್ಲಿ ಗುಮ್ರೆಯ ಮಗ ಬಂದ. ಬಾಗಿಲು ತೆಗೆದದ್ದು ಅವಳೇ. ಆಸ್ಪತ್ರೆಯ ಹೊಸ ಸ್ಕ್ಯಾನ್ ಚಿತ್ರದಲ್ಲಿ ಕಲೆ ಇರಲಿಲ್ಲ. ಡಾಕ್ಟರು ಎರಡು ಸಲ ನೋಡಿದರು.

ನಡೆದದ್ದನ್ನೇ ಹೇಳುತ್ತಿದ್ದೇನೆ, ಒಂದು ಮಾತೂ ಸೇರಿಸಿಲ್ಲ. ಗುಮ್ರೆಗೆ ಈಗ ಅರವತ್ತು. ಅದೇ ಅಂಗಡಿ, ಅದೇ ಸೇತುವೆ. ನಂಬಿಕೆ ಬಾರದಿದ್ದರೆ ಹೋಗಿ, ಜೇಹುನ್ ಅಮ್ಮ ಎಂದು ಕರೆದು ನೋಡಿ... ತಿರುಗುವುದಿಲ್ಲ. ಜೇಯುನ್ ಅಮ್ಮ ಎಂದು ಕರೆದರೆ ಮಾತ್ರ, ಹಿಟ್ಟಿನ ಕೈ ಒರೆಸಿಕೊಂಡು, "ಹಾಂ, ಬಂದೆ," ಅನ್ನುತ್ತಾಳೆ.