ರಾಣಿಯ ಬಾಗಿಲು

ಸಿಂಗಪುರದ ಎಂಆರ್‌ಟಿ ರೈಲಿನಲ್ಲಿ ಎದುರು ಸೀಟಿನಿಂದ ಕನ್ನಡ ಕೇಳಿಸಿದ್ದೇ ತಡ, ಅನಸೂಯಾಳ ಕಿವಿ ನೆಟ್ಟಗಾಯಿತು. ಹುಡುಗಿಯೊಬ್ಬಳು ಪಕ್ಕದ ಹುಡುಗನ ಮುಖಕ್ಕೇ ಫೋನು ಹಿಡಿದಿದ್ದಳು.

“ನನ್ನ ರಾಣಿ ನಿನ್ನ ಸೇನಾಪತೀನ ಕ್ಷಮಿಸಿದ್ಲು ಅಂತ ನೀನ್ಯಾಕೆ ಬರ್ದೆ, ಸಂಕೇತ್?”

“ಕಥೆ ಮುಂದಕ್ಕೆ ಹೋಗ್ಲಿ ಅಂತ, ಪ್ರಣತಿ. ನೀನು ವಾರದಿಂದ ಪೋಸ್ಟೇ ಹಾಕಿಲ್ಲ.”

“ಎಲ್ರೂ ಸೇರಿ ಕಥೆ ಬರೆಯೋ ಈ ಗೇಮಲ್ಲಿ ನಿನ್ನ ಪಾತ್ರ ನೀನು ಬರೀಬೇಕು, ನನ್ನದು ನಾನು. ಇರೋದೇ ಅದೊಂದು ರೂಲ್.”

“ಗ್ರೂಪಲ್ಲಿ ಎಲ್ರೂ ಸೂಪರ್ ಅಂದ್ರು.”

“ಸೇನಾಪತಿ ರಾಣಿಯ ಬಾಗಿಲ ಹೊರಗೆ ಬಂದು ನಿಂತ ಅನ್ನೋವರೆಗೆ ಸೂಪರ್ರೇ. ಅಲ್ಲಿಗೆ ನಿಲ್ಲಿಸ್ಬೇಕಿತ್ತು. ಬಾಗಿಲು ತೆಗೆಯೋದು, ಬಿಡೋದು ಅವಳಿಷ್ಟ.”

“ತೆಗೀತಾಳೆ ಬಿಡು. ನಿನ್ನ ಕೋಪ ಎಷ್ಟು ಹೊತ್ತು ಅಂತ ನಂಗೊತ್ತಿಲ್ವಾ?”

ಹುಡುಗಿ ಫೋನನ್ನು ಬ್ಯಾಗಿಗೆ ತುರುಕಿದಳು. ಅನಸೂಯಾ ತನ್ನ ಬ್ಯಾಗಿನ ಜಿಪ್ಪನ್ನು ಸುಮ್ಮನೆ ಎಳೆಯುತ್ತ ಕೂತಳು.

ಕ್ಲೆಮೆಂಟಿ ಸ್ಟೇಷನ್ ಬಂತು. ಹುಡುಗ ಎದ್ದು ಇಬ್ಬರ ಬ್ಯಾಗನ್ನೂ ಹೆಗಲಿಗೇರಿಸಿದ.

“ಬಾ. ಅಂದ್ಹಾಗೆ, ಡಿಸೆಂಬರ್‌ನಲ್ಲಿ ನಮ್ಮ ಮದುವೆಗೆ ನೀನು ಒಪ್ಪಿದೀಯ ಅಂತ ಅಮ್ಮಂಗೆ ಹೇಳ್ಬಿಟ್ಟಿದೀನಿ.”

“ಯಾವಾಗ ಒಪ್ಪಿದೆ ನಾನು?”

“ಒಪ್ದೇ ಇರ್ತೀಯಾ?”

ಹುಡುಗಿ ಅವನ ಹೆಗಲಿನಿಂದ ತನ್ನ ಬ್ಯಾಗನ್ನು ಎಳೆದುಕೊಂಡು ಮತ್ತೆ ಸೀಟಿನಲ್ಲಿ ಕೂತಳು. ಅವಳು ಹಿಂದೆಯೇ ಬರುತ್ತಾಳೆಂದುಕೊಂಡು ಪ್ಲಾಟ್‌ಫಾರ್ಮಿಗೆ ಕಾಲಿಟ್ಟ ಸಂಕೇತ್ ಹಿಂದಿರುಗಿ ನೋಡಿದಾಗ, ಅವನು ನಿಂತಿದ್ದದ್ದು ಮುಚ್ಚಿದ ಬಾಗಿಲ ಹೊರಗೆ.