ಮೂಲಿಯಿಂದ ಕೂಗಿದ್ದು

...ಥೂ, ಅದನ್ನ ನನ್ನ ಕಡೆ ತಿರುಗಸಬ್ಯಾಡಲೇ. ಮುಚ್ಚಳ ಹಾಕು ಮೊದಲ. ಏನದು ಹಸರು? ಪಾಲಕ್ಕಾ? ಪಾಲಕ್ ಒಳಗ ಬಾಳೆಹಣ್ಣಾ? ನಿಮ್ಮವ್ವ ಡಾಕ್ಟರ್ ಹೇಳಿದ್ದಕ್ಕ ಮಾಡ್ಯಾಳೋ, ನಿನ್ನ ಮ್ಯಾಲಿನ ಸಿಟ್ಟಿಗೆ ಮಾಡ್ಯಾಳೋ? ಅದನ್ನ ಮತ್ತ ಪಿಚಕಾರಿಲೆ ಗಲ್ಲದ ಸಂದ್ಯಾಗ ಹೊಡ್ಕೊಳ್ಳೋದು ಬ್ಯಾರೆ... ನೋಡಾಕ ಆಗವಲ್ದು ನನಗ. ವಾಕರಿಕಿ ಬರ್ತೈತಿ.

ನಗಬ್ಯಾಡ. ಪಮ್ಯಾ, ನಗಬ್ಯಾಡ ಅಂದ್ನಿ. ದವಡಿ ಮುರದು ತಂತಿ ಬಿಗದಾರ, ನಕ್ಕು ಹರಕೊಂಡಿ ಅಂದ್ರ ಅದಕ್ಕೂ ನನ್ನ ಹೆಸರ ಹೇಳ್ತಾಳ ನಿಮ್ಮವ್ವ ರಾಜೇಶ್ವರಿ ಅತ್ತಿ. ಕೆಳಗ ಬಾಗಲದಾಗ ನಿಂತು ಆಗಲೇ ಹೇಳಿ ಕಳಿಸ್ಯಾಳ. 'ಯಶ್, ಆರು ವಾರ ಅವಂಗ ಬಾಯಿ ತಗಿಯಾಕ ಬರಂಗಿಲ್ಲ, ನಗಸಬ್ಯಾಡಪ್ಪಾ.' ಹಂಗಂದು ಕೈಯಾಗ ಒಂದು ತಾಟ ತುಂಬ ಗಿರಮಿಟ್ ಇಟ್ಟಾಳ ನೋಡು. ಚುರಮರಿ, ಕೊತಂಬ್ರಿ, ಹಸೀ ಮೆಣಸಿನಕಾಯಿ, ಮ್ಯಾಲೆ ಶೇಂಗಾ. ನೀ ಅಲ್ಲಿ ಪಾಲಕ್ ಕುಡಿ, ನಾ ಇಲ್ಲಿ ಇದನ್ನ ತಿನ್ನಲಿ... ನನಗ ನಾಚಿಕಿ ಬರ್ತೈತಿ. ಆದ್ರೂ ತಿಂತೀನಿ.

ಏನು ಬರದಿ ಹಲಗಿ ಮ್ಯಾಲೆ? ತೋರಸು. 'ನಾತ'? ಯಾರು, ನಾನಾ? ಹೌದಪಾ, ಫುಟ್‌ಬಾಲ್ ಪ್ರ್ಯಾಕ್ಟೀಸಿಂದ ಸೀದಾ ಬಂದೀನಿ ಕ್ಲೈನ್‌ಬರ್ಗಿಗೆ, ನಿಮ್ಮ ಅರಮನಿಗೆ. ಬಸ್ಸಿನ್ಯಾಗ ನನ್ನ ಬಾಜೂಕ ಯಾರೂ ಕುಂದರಲಿಲ್ಲ, ಎರಡು ಸೀಟು ನನ್ನವ. ಈ ಗ್ಲೌಸ್ ಮೂಸಿ ನೋಡು... ಬ್ಯಾಡಾ? ಎರಡು ಸೀಜನ್ ಆತು, ನೀರು ಕಂಡಿಲ್ಲ ಇವು. ಮೌತ್‌ಗಾರ್ಡ್ ಸಾಕ್ಸಿನ್ಯಾಗ ಇಟ್ಟು ಮರತಿದ್ದೆ. ಮತ್ತ ಬಾಯಾಗ ಹಾಕ್ಕೊಂಡೆ. ನನ್ನ ಕಾಲಿನ ರುಚಿ ನನಗೇ ಗೊತ್ತಾತು ಇವತ್ತ.

ಯಾಕ ಮಾರಿ ತಿರುಗಸ್ತಿ? ಇದು ಏನೂ ಅಲ್ಲ. ಇವತ್ತ ಕೋಚ್ ಒಂದು ತಾಸು ನನ್ನೊಬ್ಬನ್ನ ಆ ಹೊಸಾ ರಿಸೀವರ್, ಒಗದ ಚೆಂಡ ಓಡಿ ಹಿಡಿಯಾವ, ಅವನ ಮುಂದ ನಿಲ್ಲಿಸಿದ್ದ. ಆರಡಿ ನಾಕಿಂಚು. ಅವನ ಬಗಲ ನನ್ನ ಮೂಗಿಗೆ ಬರೋಬರಿ ಬರ್ತೈತಿ. ನನ್ನಂಗ ಮೂಲಿ ಕಾಯೋ ಕಾರ್ನರ್‌ಬ್ಯಾಕ್ ಅಂದ್ರ ಮತ್ತೇನಿಲ್ಲ ನೋಡು, ಇನ್ನೊಬ್ಬನ ಬಗಲ ಮೂಸ್ಕೊಂತ ಹಿಂದಕ್ಕ ಓಡೋದು. ಎಲ್ಲಿ ಹೊಂಟೀನಿ ಅಂತ ಅವಂಗ ಗೊತ್ತು, ನನಗ ಗೊತ್ತಿಲ್ಲ. ಅಮೆರಿಕಾದಾಗ ಆಡೋವಾಗ ರಿಸೀವರ್ ಚೆಂಡು ಏಳೋತನಕ ಮರ್ಯಾದಿಲೆ ನಿಂತಿರಬೇಕಂತ. ನಮ್ಮ ಕೆನಡಾದಾಗ ಅದೂ ಇಲ್ಲ, ಹತ್ತು ಹೆಜ್ಜಿ ಮೊದಲ ಓಡಿಕೋತ ಬರ್ತಾನ, ಹಗ್ಗ ಹರಕೊಂಡ ಹೋರಿಯಂಗ. ನಾ ನಿಂತಲ್ಲಿಂದ ಹಿಂದಕ್ಕ. ಐದು ಗಜ ದಾಟಿಂದ ಬಟ್ಟು ಹತ್ತಿದ್ರ ನನಗ ದಂಡದ ಫ್ಲ್ಯಾಗು, ಹತ್ತಲಿಲ್ಲಂದ್ರ ಅವರಿಗೆ ಟಚ್‌ಡೌನು, ಆರು ಪಾಯಿಂಟು. ಚೆಂಡ ಕೈಯಾಗ ಹಿಡಕೊಂಡು ಓಡೋದಕ್ಕ ಫುಟ್‌ಬಾಲ್ ಅಂತ ಹೆಸರು, ಇದೊಂದು ಆಟ ಅಂತ! ನನಗ ಹೇಸಿಗಿ ಬಂದೈತಿ. ಖರೇನೂ.

ಮತ್ತ ನಮ್ಮ ಟೀಮಿನ ಡೀನೋನ ಅಪ್ಪ, ಕ್ಯಾಮರಾ ಹಿಡಕೊಂಡು ನಿಂದರತಾನಲ್ಲ ಏಣಿ ಮ್ಯಾಲೆ. ಚೆಂಡು ಎಲ್ಲೆ ಅವನ ಕ್ಯಾಮರಾ ಅಲ್ಲೆ. ನಾ ಚೊಲೋ ಆಡಿದ್ರ ನನ್ನ ಕಡೆ ಚೆಂಡ ಒಗಿಯಂಗಿಲ್ಲ. ಚೆಂಡು ಬರಲಿಲ್ಲಂದ್ರ ನಾ ವಿಡಿಯೋದಾಗ ಇಲ್ಲ. ನಲವತ್ತು ಸಲ ತಡದದ್ದು ಯಾರೂ ನೋಡಂಗಿಲ್ಲ, ಒಮ್ಮೆ ರಿಸೀವರ್ ದಾಟಿ ಹೋಗಿ ಸುಟ್ಟುಕೊಂಡ್ರ ಸೋಮವಾರ ಕೋಚ್‌ನ ಸ್ಕ್ರೀನ್ ತುಂಬ ನನ್ನ ಬೆನ್ನು. ನಮ್ಮಪ್ಪ ಒಂದ ಸಲ ಬಂದಿದ್ದ ಆಟ ನೋಡಾಕ, ಮನಿಗೆ ಹೋಗಿ ಅವ್ವಗ ಹೇಳಿದ, 'ನಿನ್ನ ಮಗಾ ಬ್ಯಾಲಿ ಕಾಯೋ ಕೆಲಸ ಮಾಡ್ತಾನ, ಬ್ಯಾಲಿಗೆ ಯಾರೂ ಬರಲಿಲ್ಲ' ಅಂತ.

ಥೂ, ತಲಿ ಕುಣಿಸಬ್ಯಾಡ, ಪಾಲಕ್ ಚೆಲ್ಲತೈತಿ.

ಅದಕ್ಕ ಅಲ್ಲೇನು ನಾವು ನಮ್ಮದೊಂದು ಕೂಗು ಇಟ್ಕೊಂಡಿದ್ದು? ಎಲ್ಲಾ ಟೀಮಿನವರು ಇಂಗ್ಲಿಷ್‌ನ್ಯಾಗ ಒದರ್ತಾರ, ಎದುರಿನವಂಗೂ ತಿಳಿತೈತಿ. ನಾವು ಕನ್ನಡದಾಗ. ನಾ ಮೂಲಿಯಿಂದ 'ಬಿಡು' ಅಂದ್ರ, ಇವನ್ನ ನಾ ನೋಡ್ಕೋತೀನಿ, ನೀ ಸೇಫ್ಟಿ ಇದ್ದೀ, ಹಿಂದ ನಡುವ ನಿಂತು ಕಾಯಿ. 'ಬಾ' ಅಂದ್ರ, ಇವ ನನ್ನ ದಾಟ್ಯಾನ, ಎಲ್ಲಾ ಬಿಟ್ಟು ಓಡಿ ಬಾ. ಇಷ್ಟ. ಕೋಚ್‌ಗೂ ಹೇಳಿಲ್ಲ, ಡೀನೋಗೂ ಹೇಳಿಲ್ಲ. ನೀ ಇಲ್ಲೇ ಹುಟ್ಟಿದಾವ, ನಿಮ್ಮವ್ವ 'ಊಟಕ್ಕ ಬಾ' ಅಂದ್ರ 'ಇನ್ ಎ ಮಿನಿಟ್' ಅಂತ ಒಂದು ತಾಸು ಕುಂದರ್ತಿ. ನಾ 'ಬಾ' ಅಂದ್ರಷ್ಟ ಬಂದೂಕಿಂದ ಬಿಟ್ಟಂಗ ಬರ್ತಿದ್ದಿ.

...ಹ್ಞಾಂ. ಶನಿವಾರದ ಮ್ಯಾಚಿಂದು. ಅದಕ್ಕ ಬಂದೀನಿ.

ನಾಕು ಗಂಟಿಗೆ ಕೋಚ್ ಬರ್ತಾನಂತಲ್ಲ ಇಲ್ಲಿಗೆ. ಕಾಗದ ತಗೊಂಡು. ಪೆಟ್ಟು ಹೆಂಗ ಆತು ಅಂತ ನಿನ್ನ ಕೈಲೆ ಬರಿಸಿಕೋತಾನ. ಈಗ ಎಷ್ಟು... ಮೂರೂ ನಲವತ್ತು. ಹಂಗಾರ ಕೇಳು. ಇಬ್ಬರದೂ ಒಂದ ಮಾತಿರಬೇಕು, ಅಷ್ಟ.

ನಿನಗ ಪೂರಾ ನೆನಪಿರಲಿಕ್ಕಿಲ್ಲ, ತಲಿಗೂ ಬಡದೈತಿ. ನಾ ಹೇಳ್ತೀನಿ. ನ್ಯೂಮಾರ್ಕೆಟ್‌ನ್ಯಾಗ, ಮೂರನೇ ಕ್ವಾರ್ಟರ್. ಹುಲ್ಲು ಹಸಿ ಇತ್ತು. ನನ್ನ ಮುಂದ ಆ ಹದಿನೇಳನೇ ನಂಬರಿನಾವ. ಚೆಂಡ ಎದ್ದಿತು, ಅವ ಓಡಿ ಬಂದ, ನಾ ತಿರುಗಿದೆ, ಕಾಲು ಜಾರಿತು, ಅವ ದಾಟಿ ಹೋದ. ಸುಟ್ಟುಕೊಂಡೆ. 'ಬಾ' ಅಂತ ಒದರಿದೆ. ನೀ ನಿನ್ನ ಜಾಗಾ ಬಿಟ್ಟು ನನ್ನ ಕಡೆ ಓಡಿ ಬಂದಿ. ಅಷ್ಟರಾಗ ಅವರು ಚೆಂಡು ನಡುವ ಒಗದ್ರು, ನೀ ಬಿಟ್ಟು ಬಂದ ಜಾಗಾಕ್ಕ. ನೀ ಗಕ್ಕನ ತಿರುಗಿದಿ, ಎದುರಿಗೆ ನಮ್ಮ ಡೀನೋ, ಅವನ ಹೆಲ್ಮೆಟ್ ನಿನ್ನ ಗದ್ದಕ್ಕ... ಟಚ್‌ಡೌನೂ ಆತು, ದವಡಿನೂ ಹೋತು. ಯಾರದೂ ತಪ್ಪಲ್ಲ. ಆಟ ಅಂದ್ರ ಹಂಗ.

ಯಾಕ ಹಂಗ ನೋಡ್ತಿ?

ಜಾರಿತು ಅಂದ್ನಿ. ಅಂದ್ರ, ಅವ ಸ್ವಲ್ಪ ದೂಡಿದ. ದೂಡಿದ, ಅದಕ್ಕ ಜಾರಿದೆ. ಮೊದಲ ಜಾರಿದ್ನೋ ಮೊದಲ ದೂಡಿದ್ನೋ... ಎರಡೂ ಕೂಡೇ ಆತು ಬಿಡು. ವಿಡಿಯೋದಾಗ ಅದೇನೂ ಇಲ್ಲ, ನೋಡೀನಿ ನಾ. ಚೆಂಡು ನಡುವ ಹೋತು, ಡೀನೋನ ಅಪ್ಪನ ಕ್ಯಾಮರಾನೂ ನಡುವ ಹೋತು. ನನ್ನ ಮೂಲಿ ಇಲ್ಲವೇ ಇಲ್ಲ. ಕಾಣೋದು ಇಷ್ಟ, ನೀ ನಿನ್ನ ಜಾಗಾ ಬಿಟ್ಟು ಬಲಕ್ಕ ಓಡ್ತಿ, ಆಮ್ಯಾಲೆ ತಿರುಗ್ತಿ, ಆಮ್ಯಾಲೆ... ಅದನ್ನ ಮೂರು ಸಲ ನಿಲ್ಲಿಸಿ ನಿಲ್ಲಿಸಿ ತೋರಿಸಿದ ಕೋಚ್ ಎಲ್ಲಾರಿಗೂ.

ಹೌದು, ಗೊತ್ತೈತಿ ಗ್ರೂಪಿನ್ಯಾಗ ಏನಂತಾರ ಅಂತ. ಟೂರಿಸ್ಟ್. ಪ್ರಮೋದ ಮ್ಯಾಚಿನ ನಡುವ ಟೂರ್ ಹೊಂಟಿದ್ದ ಅಂತ. ನಾನಲ್ಲಲೇ ಮೊದಲ ಅಂದಿದ್ದು! ಮೊದಲ ಡೀನೋ ಅಂದ. ನಾ ಬರೇ ಒಂದು ನಗೋ ಮಾರಿ ಹಾಕಿದೆ. ಎಲ್ಲಾರೂ ಹಾಕಿದ್ರಲ್ಲ.

ಸ್ಪ್ರಿಂಗ್ ಕ್ಯಾಂಪಿನ ಪಟ್ಟಿಯಾಗಿಂದ ಕೋಚ್ ನಿನ್ನ ಹೆಸರು ಹೊಡದಾನ ಅನ್ನೋದೂ ಕೇಳಿದೆ. ಜಾಗಾ ಬಿಟ್ಟು ಹೋಗೋ ಸೇಫ್ಟಿನ್ನ ಅಲ್ಲಿ ಹುಡುಗರನ್ನ ಆರಿಸಾಕ ಬರೋ ಯೂನಿವರ್ಸಿಟಿಯವರ ಮುಂದ ನಿಲ್ಲಿಸಂಗಿಲ್ಲ ಅಂದನಂತ. ಅದು... ಅದು ಸರಿ ಹೋಗ್ತೈತಿ. ನೀ ಚೊಲೋ ಬರದ್ರ ಸರಿ ಹೋಗ್ತೈತಿ. 'ಹದಿನೇಳನೇ ನಂಬರಿನಾವ ದಾಟಿದ್ದು ನನಗ ಕಾಣಿಸ್ತು, ನಾನಾಗೇ ಹೋದೆ' ಅಂತ ಬರಿ. ಧೈರ್ಯ ಮಾಡಿ ಹೋದ ಹುಡುಗ ಅಂತಾನ. ನಾನೂ ಹೇಳ್ತೀನಿ, ಹೌದು ಸರ್, ನಾ ಸುಟ್ಟುಕೊಂಡಿದ್ದೆ ಅಂತ. 'ಬಾ' ಅಂದಿದ್ದು ಒಂದು ಬರಿಬ್ಯಾಡ, ಅಷ್ಟ. ಯಾಕಂದ್ರ... ಯಾಕಂದ್ರ ಅದನ್ನ ಬಿಡಿಸಿ ಹೇಳೋದು ತ್ರಾಸು. ಕನ್ನಡ, ಗಿನ್ನಡ, ಅವಂಗೇನು ತಿಳಿತೈತಿ.

ಏನು ಬರ್ಯಾಕತ್ತಿ? ಇಷ್ಟುದ್ದ? ತೋರಸು.

'ನೀ ಕೋಚ್‌ಗೆ ಏನಂತ ಹೇಳಿದಿ?'

...ನಾನಾ? ಕೋಚ್‌ಗೆ? ಏನು ಹೇಳ್ಬೇಕು. ಅವ ಕೇಳಿದ, ಎಲ್ಲಾರ ಮುಂದ, ಆ ಪ್ಲೇದಾಗ ನೀ ಏನೋ ಒದರಿದ್ದು ಡೀನೋ ಕೇಳ್ಯಾನಂತ, ಏನು ಒದರಿದಿ ಅಂತ. ನನ್ನ ಬಾಯಿಗೆ ಥಟ್ಟನ ಬಂತು. 'ಸೀನಿದೆ ಸರ್' ಅಂದ್ನಿ. ಮಾಡಿನೂ ತೋರಿಸಿದೆ. ಬ್ಹಾ! ಎಲ್ಲಾರೂ ಬಿದ್ದು ಬಿದ್ದು ನಕ್ಕರು. ಕೋಚೂ ನಕ್ಕ.

...ನೀ ನಗವಲ್ಲಿ.

ಪೆನ್ನಿನ ಮುಚ್ಚಳ ಯಾಕ ಹಾಕಿದಿ? ತಗಿ. ಬೈಯಿ ನನಗ. ಬರಿ, ಹಲಗಿ ತುಂಬ ಬೈಯಿ. ಇಂಗ್ಲಿಷ್‌ನ್ಯಾಗ ಬೈದ್ರೂ ನಡಿತೈತಿ.

ಲೇ, ನನ್ನ ಪರಿಸ್ಥಿತಿನೂ ನೋಡು. ಕೋಚ್ ಮೊದಲ ಹೇಳ್ಯಾನ, ಮೂರನೇ ಚೇಷ್ಟೆಗೆ ಮನಿಗೆ. ಚೆಂಡ ಒದಿಯೋ ಕಿಕ್ಕರ್‌ನ ಚಡ್ಡಿಯಾಗ ನೋವಿನ ಮುಲಾಮು ಹಚ್ಚಿದ್ದು ಒಂದು. ಕೋಚ್‌ನ ಸೀಟಿಯೊಳಗ ಶೇಂಗಾ ಚಟ್ನಿಪುಡಿ ತುಂಬಿದ್ದು ಎರಡು. ಅದಕ್ಕ ನೀನೂ ನಕ್ಕಿದ್ದಿ, ಸೀಟಿ ಊದಿದ ಕೂಡಲೇ ಕೆಂಪು ಧೂಳು ಹಾರಿದ್ದಕ್ಕ. ಮೂರಾದ್ರ ಹೋತು. ಟೀಮಿನ್ಯಾಗ ಇದ್ದೀನಿ ಅಂತ ಸಾಲಿಗೆ ಹೊಂಟೀನಿ ನಾ, ಇಲ್ಲಂದ್ರ ಯಾವಾಗೋ ಬಿಡ್ತಿದ್ದೆ. ಗಣಿತ ಎರಡು ಸಲ ಫೇಲು. ಟೀಮಿಂದ ತಗದ್ರ ನಮ್ಮಪ್ಪ ಚನ್ನವೀರಪ್ಪ ಮರುದಿನನ ಬೋಲ್ಟನ್ ವೇರ್‌ಹೌಸಿಗೆ ಕರಕೊಂಡು ಹೋಗಿ ಕೈಯಾಗ ಸ್ಕ್ಯಾನರ್ ಕೊಡ್ತಾನ. ಡಬ್ಬಿ ಎಣಿಸ್ಕೋತ ಮುದುಕ ಆಗ್ಬೇಕು.

ಚೇಷ್ಟೆ ಅಲ್ಲ ಅದು ಅಂತೀಯಾ? ಕೂಗಿದ್ದು ಖರೇ ಇದ್ರ ಚೇಷ್ಟೆ ಹೆಂಗ ಆಕ್ಕೈತಿ ಅಂತೀಯಾ?

ತಲಿನಾರ ಅಲ್ಲಾಡಸು.

ನನಗ ಗೊತ್ತು ನೀ ಏನು ವಿಚಾರ ಮಾಡಾಕತ್ತಿ. ಯಾವ ಕಾರ್ನರ್‌ಬ್ಯಾಕ್ ತಾನಾಗೇ ಬಂದು ಸುಟ್ಟುಕೊಂಡೆ ಅಂತಾನ? ಯಾವನೂ ಅನ್ನಂಗಿಲ್ಲ. ನಾ ಅಂತೂ ಅಲ್ಲವೇ ಅಲ್ಲ. ಬಿಸಲು ಕಣ್ಣಿಗೆ ಬಿತ್ತು ಅಂತೀನಿ, ರೆಫರಿ ಕುರುಡ ಅಂತೀನಿ, ಹುಲ್ಲಿಗೆ ಬೈತೀನಿ. ಸುಟ್ಟುಕೊಂಡೆ ಅನ್ನೋ ಮಾತು ಎರಡು ವರ್ಷದಾಗ ಒಮ್ಮೆರ ನನ್ನ ಬಾಯಾಗ ಕೇಳೀಯೇನು? ಇವತ್ತ ಇಪ್ಪತ್ತು ನಿಮಿಷದಾಗ ಎರಡು ಸಲ ಅಂದ್ನಿ. ನಿನಗ ಅಲ್ಲೇ ಹೊಳದಿರಬೇಕು.

ಅಲ್ಲ. ಅಲ್ಲೂ ಅಲ್ಲ. ನಿನಗ ಶನಿವಾರನ ಗೊತ್ತಿತ್ತು. ಅರ್ಧಾ ದಾರಿಗೆ ಬಂದಾಗ ನೀ ನನ್ನ ಮಾರಿ ನೋಡಿದಿ.

ಅವ ನನ್ನ ಮುಂದ ಇದ್ದ, ಪಮ್ಯಾ. ಹದಿನೇಳನೇ ನಂಬರಿನಾವ. ದಾಟೋದೇನು ಬಂತು, ಅವ ನಾಕು ಹೆಜ್ಜಿ ಓಡಿ ಸುಮ್ಮ ನಿಂತುಬಿಟ್ಟಿದ್ದ, ಚೆಂಡು ತನ್ನ ಕಡೆ ಬರಂಗಿಲ್ಲ ಅಂತ ಅವಂಗ ಗೊತ್ತಿತ್ತು. ಕೈ ಚಾಚಿದ್ರ ಸಿಗ್ತಿದ್ದ. ಎರಡು ಕ್ವಾರ್ಟರ್ ಆಗಿತ್ತು ಒಂದ ಚೆಂಡೂ ಬಂದಿದ್ದಿಲ್ಲ ನನ್ನ ಕಡೆ. ಬ್ಯಾಸರ ಆಗಿತ್ತಲೇ ನನಗ. ತಿರುಗಿ ನೋಡಿದ್ರ ನೀ ಅಲ್ಲಿ ಮೊಣಕಾಲು ಬಗ್ಗಿಸಿ, ಎರಡೂ ಕೈ ಮುಂದ ಮಾಡಿ, ಕುಸ್ತಿ ಹಿಡಿಯೋ ಮುದುಕನಂಗ ನಿಂತಿದ್ದಿ. ಅಷ್ಟು ಸೀರಿಯಸ್ ಮಾರಿ. ನನಗ ತಡಕೊಳ್ಳಾಕ ಆಗಲಿಲ್ಲ. 'ಬಾ' ಅಂದ್ನಿ.

ಪ್ರ್ಯಾಕ್ಟೀಸಿನ್ಯಾಗ ಮೂರು ಸಲ ಮಾಡಿದ್ದೆ ಅಲ್ಲ ಇದನ್ನ. ನೀ ಮೂರೂ ಸಲ ಓಡಿ ಬಂದಿದ್ದಿ. ನಾ ನಗತಿದ್ದೆ, ನೀ ಮಾರಿ ಸಣ್ಣದು ಮಾಡ್ಕೊಂಡು ತಿರುಗಿ ಹೋಗ್ತಿದ್ದಿ. ಒಮ್ಮೆ ನಾನ ಕೇಳಿದ್ದೆ, ಸುಳ್ಳ ಇರ್ತೈತಿ ಅಂತ ಗೊತ್ತಿದ್ದೂ ಯಾಕ ಬರ್ತಿಯೋ ಹುಚ್ಚಾ ಅಂತ. ನೀ ಅಂದಿ... ಕನ್ನಡದಾಗ ಅಂದಿ, ನೀ ಎಂದೂ ಕನ್ನಡದಾಗ ಅನ್ನಂಗಿಲ್ಲ.

'ಖರೇ ಇದ್ರ?'

ಅದಕ್ಕೂ ನಕ್ಕಿದ್ದೆ ನಾ.

ಶನಿವಾರನೂ ನಗಾಕತ್ತಿದ್ದೆ. ಮೌತ್‌ಗಾರ್ಡ್ ತಗದು ಕೈಯಾಗ ಹಿಡಕೊಂಡು ನಗಾಕತ್ತಿದ್ದೆ, ನಿನಗ ಹಲ್ಲು ಕಾಣ್ಲಿ ಅಂತ. ನೀ ನೋಡಿದಿ, ತಿರುಗಿದಿ, ಡೀನೋ ಬಂದ. ಹಸೀ ಗಜ್ಜರಿ ಮುರದಂಗ ಸಪ್ಪಳ. ಆ ಸಪ್ಪಳ ಕೇಳಿದ ಮ್ಯಾಲೂ ನನ್ನ ನಗಿ ನಿಲ್ಲಲಿಲ್ಲ ಪಮ್ಯಾ. ನಿಲ್ಲಸಾಕ ನೋಡಿದೆ, ಬಾಯಿ ಮುಚ್ಚವಲ್ದು. ನೀ ಹುಲ್ಲಿನ ಮ್ಯಾಲೆ ರಕ್ತ ಉಗುಳಾಕತ್ತಿ, ನಾ ಅಲ್ಲಿ ಹಲ್ಲು ಕಿಸದು ನಿಂತೀನಿ. ಪಾಲಕ್ ನೋಡಿ ವಾಕರಿಕಿ ಬಂತು ಅಂದ್ನಿ. ಪಾಲಕ್ಕಿಂದ ಅಲ್ಲ ಅದು. ಶನಿವಾರದಿಂದ ಐತಿ.

ಈ ತಾಟ ತಗೋ. ಇಲ್ಲ, ನಿನಗ್ಯಾಕ... ಇಲ್ಲೇ ಇಡ್ತೀನಿ. ತಿನ್ನಾಕ ಆಗವಲ್ದು.

ಕಾರಿನ ಬಾಗಲ ಸಪ್ಪಳ ಆತಲ್ಲ? ಅವನ. ಕೆಳಗ ಅತ್ತಿ ಬಾಗಲ ತಗಿಯಾಕತ್ತಾಳ. ಕೋಚ್‌ಗೂ ಗಿರಮಿಟ್ ಕೊಡ್ತಾಳ ನೋಡು ಈಗ.

ಹಲಗಿ ಕೊಡು, ನಾನ ಬರೀತೀನಿ... ಕೊಡಂಗಿಲ್ಲ? ಇರ್ಲಿ. ಬಾಯಿಲೆ ಹೇಳ್ತೀನಿ. ಕೆಳಗ ಹೋಗಿ ಹೇಳ್ತೀನಿ, ಸೀನು ಅಲ್ಲ ಸರ್ ಅಂತ. ಹೇಳ್ತೀನೋ ಇಲ್ಲೋ... ಮೆಟ್ಟಲ ಇಳಿಯೋದ್ರಾಗ ಮತ್ತೇನಾರ ಮಜಾ ಮಾತು ಬಾಯಿಗೆ ಬಂದ್ರ? ನನ್ನ ಬಾಯಿ ನನಗ ಗೊತ್ತು. ನೀ ಬಾಜೂಕ ನಿಂತ್ರ ಹೇಳ್ತೀನಿ. ಏನೂ ಬರಿಯೋದು ಬ್ಯಾಡ, ಬರೇ ನಿಂದರು. ಎದ್ದೇಳು.

ಪಮ್ಯಾ.

...ಕಾಲಿಗೇನೂ ಆಗಿಲ್ಲಲ್ಲ ನಿನಗ.

ನಗಾಕತ್ತಿಲ್ಲ ನಾ, ನೋಡು ನನ್ನ ಮಾರಿ. ಕಿಡಕಿ ಕಡೆ ಯಾಕ ತಿರುಗಿದಿ? ಈ ಕಡೆ ನೋಡು. ಪ್ರಮೋದ...

ಬಾ.

ಈ ಸಲ ಖರೇ ಐತಿ. ಬಾ.